ವಿದ್ಯುತ್ತಿನ ಒತ್ತಡವನ್ನು ಅಳೆದ ಮಹನೀಯ – ಅಲೆಸಾಂದ್ರೊ ವೋಲ್ಟಾ

ರಾಜ್ಯೋತ್ಸವದ ತಿಂಗಳೇ ನಮ್ಮ ಪುರಸೈವಾಕ್ಕಂಗೆ ಮಳೆಯ ತಿಂಗಳೂ ಹೌದು. ದೀಪ ಆರಿದೊಡನೆ ಮನೆಮಂದಿಯ ಕಣ್ಣೆಲ್ಲ ಇನ್‌ವರ್ಟರಿನ ಕಡೆಗೆ ತಿರುಗುತ್ತದೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಚೆನ್ನೈಯ ಅನೇಕ ಬಡಾವಣೆಗಳು ಕತ್ತಲೆಯಲ್ಲಿ ಕುಳಿತುದನ್ನು ನಾವು ಮರೆತಿಲ್ಲ. ಬ್ಯಾಟರಿ ನೋಡಲು ಬರುವ ಕೆಲಸಗಾರನು ಅದರ ಎರಡು ತುದಿಗಳಿಗೆ ಮೀಟರಿನ ತಂತಿಗಳನ್ನು ಮುಟ್ಟಿಸುತ್ತಾನೆ. ಮುಳ್ಳು ಹನ್ನೆರಡೂವರೆ ದಾಟಿದರೆ ಭಯವಿಲ್ಲವೆನ್ನುತ್ತಾನೆ. ಹನ್ನೆರಡಕ್ಕಿಂತ ಕೆಳಗಿಳಿದರೆ ತಲೆಯಾಡಿಸುತ್ತಾನೆ. ಆ ಅಂಕಿಯ ಜೊತೆಗೆ ಸೇರುವ ವೋಲ್ಟ್ ಎಂಬ ಮಾತು ಒಬ್ಬ ಮನುಷ್ಯನ ಹೆಸರು. ಆತನ ಜೀವನವನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಅಲೆಸಾಂದ್ರೊ ವೋಲ್ಟಾ 1745ನೆಯ ಇಸವಿ ಫೆಬ್ರವರಿ 18ರಂದು ಇಟಲಿಯ ಕೋಮೋ ಪಟ್ಟಣದಲ್ಲಿ ಜನಿಸಿದನು. ನಾಲ್ಕು ವರ್ಷವಾಗುವವರೆಗೆ ಮಗುವಿಗೆ ಮಾತೇ ಬರಲಿಲ್ಲ. ಬೆಳೆದ ಮೇಲೆ ಗುರುಗಳು ಅವನು ಪಾದ್ರಿಯಾಗಲೆಂದರು, ಬಂಧುಗಳು ವಕೀಲನಾಗಲೆಂದರು. ಹುಡುಗನ ಮನಸ್ಸು ಮಾತ್ರ ವಿದ್ಯುತ್ತಿನಲ್ಲಿ ನೆಟ್ಟಿತ್ತು. ವಿಶ್ವವಿದ್ಯಾನಿಲಯದ ಪದವಿಯಿಲ್ಲದೆಯೇ ಕಲಿತು, 1778ರಲ್ಲಿ ಪಾವಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು.

ಆ ಕಾಲದಲ್ಲಿ ವಿದ್ಯುತ್ತೆಂದರೆ ಕಿಡಿ ಹಾರಿಸುವ ಒಂದು ವಿನೋದ. ಎಷ್ಟು ಎಂದು ಕೇಳಿದವರು ವಿರಳ. ವೋಲ್ಟಾ ಆ ಪ್ರಶ್ನೆಯನ್ನೇ ಹಿಡಿದನು. ಗಾಜಿನ ಸೀಸೆಯೊಳಗೆ ಎರಡು ಒಣ ಹುಲ್ಲುಕಡ್ಡಿಗಳನ್ನು ಜೊತೆಯಾಗಿ ತೂಗುಬಿಟ್ಟನು. ವಿದ್ಯುತ್ತು ತಗುಲಿದರೆ ಕಡ್ಡಿಗಳು ಒಂದನ್ನೊಂದು ದೂಡಿಕೊಂಡು ದೂರ ಸರಿಯುವುವು. ಎಷ್ಟು ಸರಿದವೆಂಬುದನ್ನು ಗೀಟುಗಳ ಮೇಲೆ ಓದಿಕೊಳ್ಳಬಹುದು. ಮೊತ್ತ ಬೇರೆ, ಒತ್ತಡ ಬೇರೆ ಎಂಬುದನ್ನೂ ಆತನು ಸ್ಪಷ್ಟಪಡಿಸಿದನು. ನಮ್ಮ ಮನೆಯ ಮಾಳಿಗೆಯ ತೊಟ್ಟಿಯಲ್ಲಿ ಎಷ್ಟು ಕೊಡ ನೀರಿದೆಯೆಂಬುದು ಒಂದು ಮಾತು, ಅದು ಎಷ್ಟು ಎತ್ತರದಿಂದ ನಲ್ಲಿಯನ್ನು ಒತ್ತುತ್ತದೆಂಬುದು ಇನ್ನೊಂದು ಮಾತು. ವೋಲ್ಟ್ ಅಳೆಯುವುದು ಎರಡನೆಯದನ್ನು.

1791ರಲ್ಲಿ ಬೊಲೋನ್ಯದ ಲೂಯಿಜಿ ಗಾಲ್ವಾನಿ ಎಂಬ ವೈದ್ಯನು ಒಂದು ವಿಚಿತ್ರವನ್ನು ಪ್ರಕಟಿಸಿದನು. ಸತ್ತ ಕಪ್ಪೆಯ ಕಾಲಿಗೆ ಎರಡು ಬಗೆಯ ಲೋಹಗಳನ್ನು ಕೂಡಿಸಿ ಮುಟ್ಟಿಸಿದರೆ ಕಾಲು ಒದೆಯುವುದು. ವಿದ್ಯುತ್ತು ಕಪ್ಪೆಯ ದೇಹದಲ್ಲೇ ಇದೆಯೆಂದು ಆತನ ವಾದ. ವೋಲ್ಟಾ ಮೊದಲು ಒಪ್ಪಿ, ಬಳಿಕ ಸಂಶಯಪಟ್ಟನು. ಕಪ್ಪೆ ಬರಿಯ ಸೂಕ್ಷ್ಮ ಮಾಪಕ, ವಿದ್ಯುತ್ತು ಬರುವುದು ಲೋಹಗಳಿಂದ ಎಂದನು. ಎರಡು ಲೋಹಗಳನ್ನು ತನ್ನ ನಾಲಿಗೆಯ ಮೇಲಿಟ್ಟು ಕೂಡಿಸಿ, ಹುಳಿಯಂಥ ರುಚಿಯನ್ನು ಕಂಡನು. ಯುರೋಪಿನ ಪಂಡಿತರು ಎರಡು ಪಕ್ಷವಾದರು.

ವಾದವನ್ನು ಮುಂದೆ ನಡೆಸಲು ಗಾಲ್ವಾನಿ ಉಳಿಯಲಿಲ್ಲ. ನೆಪೋಲಿಯನ್ನನ ಹೊಸ ಆಡಳಿತಕ್ಕೆ ಪ್ರಮಾಣ ಮಾಡಲು ಒಪ್ಪದೆ ಪ್ರಾಧ್ಯಾಪಕ ಪದವಿಯನ್ನು ಕಳೆದುಕೊಂಡು, 1798ರಲ್ಲಿ ತೀರಿಕೊಂಡನು. ವೋಲ್ಟಾ ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟನ್ನಿಟ್ಟು ಕಂಬದಂತೆ ಪೇರಿಸಿದನು. ಜೋಡಿಗಳು ಇಮ್ಮಡಿಯಾದರೆ ಒತ್ತಡವೂ ಇಮ್ಮಡಿ! ಕಪ್ಪೆಯೇ ಇಲ್ಲದೆ ವಿದ್ಯುತ್ತು ಎಡೆಬಿಡದೆ ಹರಿಯಿತು. 1800ನೆಯ ಮಾರ್ಚ್ 20ರಂದು ಇದನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಬರೆದು ತಿಳಿಸಿದನು. ಅದೇ ಲೋಕದ ಮೊದಲ ಬ್ಯಾಟರಿ. ಮರುವರ್ಷ ಪ್ಯಾರಿಸಿನಲ್ಲಿ ನೆಪೋಲಿಯನ್ನನೇ ಪ್ರಯೋಗವನ್ನು ನೋಡಿ ಮೆಚ್ಚಿದನು. 1810ರಲ್ಲಿ ವೋಲ್ಟಾನಿಗೆ ಕೌಂಟ್ ಬಿರುದು ಬಂದಿತು.

ಆದರೆ ವೋಲ್ಟಾನದೂ ಪೂರ್ಣ ಸತ್ಯವಲ್ಲ. ಲೋಹಗಳ ಬರಿಯ ಸ್ಪರ್ಶವೇ ಕಾರಣವೆಂದು ಆತನು ನಂಬಿದ್ದನು. ರಾಸಾಯನಿಕ ಕ್ರಿಯೆಯೇ ವಿದ್ಯುತ್ತನ್ನು ಹರಿಸುವುದೆಂದು ಮುಂದಿನವರು ತೋರಿಸಿದರು. ಪ್ರಾಣಿಗಳ ನರಗಳಲ್ಲಿ ವಿದ್ಯುತ್ತಿರುವುದೂ ನಿಜವಾಯಿತು. 1827ರ ಮಾರ್ಚ್ 5ರಂದು ವೋಲ್ಟಾ ತನ್ನ ಹುಟ್ಟೂರಿನಲ್ಲೇ ಕಣ್ಮುಚ್ಚಿದನು. 1881ರಲ್ಲಿ ಪ್ಯಾರಿಸಿನಲ್ಲಿ ಕೂಡಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ಒತ್ತಡದ ಮಾನಕ್ಕೆ ವೋಲ್ಟ್ ಎಂಬ ಹೆಸರನ್ನು ಅಂಗೀಕರಿಸಿತು.

ಇನ್ನು ಆ ಕೆಲಸಗಾರನ ಮೀಟರನ್ನು ಬಿಚ್ಚಿ ನೋಡೋಣ. ಅಯಸ್ಕಾಂತದ ಎರಡು ತುದಿಗಳ ನಡುವೆ ಸಣ್ಣ ತಂತಿಯ ಸುರುಳಿಯೊಂದು ತಿರುಗುವಂತೆ ನಿಂತಿದೆ. ವಿದ್ಯುತ್ತು ಹರಿದರೆ ಸುರುಳಿ ತಿರುಗುತ್ತದೆ. ನವುರಾದ ಸ್ಪ್ರಿಂಗು ತಡೆಯುತ್ತದೆ. ಎರಡೂ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. 1882ರಲ್ಲಿ ಫ್ರಾನ್ಸಿನ ದಾರ್ಸೊನ್ವಾಲನೂ, ಆ ಬಳಿಕ ಅಮೆರಿಕದ ಎಡ್ವರ್ಡ್ ವೆಸ್ಟನ್ನನೂ ತಿದ್ದಿದ ರೂಪವಿದು. ಮೀಟರು ತಾನೇ ಬ್ಯಾಟರಿಯನ್ನು ಕುಡಿದುಬಿಡಬಾರದಲ್ಲ! ಅದಕ್ಕಾಗಿ ಸುರುಳಿಯೊಡನೆ ಸಾಲಾಗಿ ದೊಡ್ಡ ಪ್ರತಿರೋಧವನ್ನು ಜೋಡಿಸುತ್ತಾರೆ. ಆಂಪಿಯರಿನ ಸಾವಿರದಲ್ಲೊಂದು ಪಾಲಿಗೆ ಮುಳ್ಳು ಕೊನೆ ಮುಟ್ಟುವ ಸುರುಳಿಯಿಂದ 10 ವೋಲ್ಟಿನವರೆಗೆ ಅಳೆಯಬೇಕಾದರೆ ಒಟ್ಟು 10,000 ಓಮ್ ಪ್ರತಿರೋಧ ಬೇಕು. ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿದರೆ ಮಾತ್ರ ಇದು ಸರಿಯಾಗಿ ಓದುತ್ತದೆ. ದಿಕ್ಕು ಕ್ಷಣಕ್ಷಣಕ್ಕೂ ಬದಲಾದರೆ ಮುಳ್ಳು ಸೊನ್ನೆಯಲ್ಲೇ ನಡುಗುವುದು. 1895ರಿಂದ 1953ರವರೆಗೆ ಈ ಊರಿನಲ್ಲಿ ಓಡಿದ ಟ್ರಾಮ್ ಗಾಡಿಗಳು ನಡೆದದ್ದೂ ಏಕಮುಖ ವಿದ್ಯುತ್ತಿನಿಂದಲೇ. ಈಗಿನ ಅಂಕಿ ತೋರುವ ಮೀಟರಿಗೆ ಮುಳ್ಳಿಲ್ಲ. ಹೊರಗಿನ ಒತ್ತಡವನ್ನು ತನ್ನೊಳಗಿನ ಗೊತ್ತಾದ ಒತ್ತಡದೊಡನೆ ಹೋಲಿಸಿ ಅದು ಲೆಕ್ಕ ಹೇಳುತ್ತದೆ. ಅದರ ಪ್ರತಿರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್.

ಮುಳ್ಳಿನ ಮೀಟರಿನೊಳಗೆ ತಿರುಗುವ ಆ ಸುರುಳಿಯ ಸಾಧನಕ್ಕೆ ಗಾಲ್ವನೋಮೀಟರ್ ಎಂದು ಹೆಸರು. ಅದರ ಮುಖದ ಮೇಲಿನ ಅಂಕಿಗಳು ವೋಲ್ಟುಗಳು. ಬದುಕಿದ್ದಾಗ ಎದುರು ಪಕ್ಷಗಳಲ್ಲಿ ನಿಂತ ಇಬ್ಬರು ಇಂದು ಒಂದೇ ಡಬ್ಬಿಯಲ್ಲಿ ಕೂಡಿ ದುಡಿಯುತ್ತಿದ್ದಾರೆ. ಈ ಬಾರಿಯ ಮಳೆಯಲ್ಲಿ ದೀಪ ಆರಿ ಮತ್ತೆ ಹತ್ತಿದಾಗ, ನಮ್ಮ ಮಕ್ಕಳಿಗೆ ಈ ಇಬ್ಬರ ಹೆಸರನ್ನೂ ಹೇಳೋಣ.