ಸಂಗೊಳ್ಳಿ ರಾಯಣ್ಣ

ಸಂಗೊಳ್ಳಿ ರಾಯಣ್ಣ (1798–1831) ಕಿತ್ತೂರು ಸಂಸ್ಥಾನದ ಯೋಧ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ವಿರುದ್ಧ 1829–30ರಲ್ಲಿ ನಡೆದ ಸಶಸ್ತ್ರ ದಂಗೆಯ ನಾಯಕ.

ಜನನ ಮತ್ತು ವೃತ್ತಿ

ರಾಯಣ್ಣನು ಇಂದಿನ ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲಿ ಕುರುಬ ಸಮುದಾಯದ ಕುಟುಂಬದಲ್ಲಿ ಜನಿಸಿದನು. ಆಗಸ್ಟ್ 15 ಆತನ ಜನ್ಮದಿನವೆಂದು ಆಚರಿಸಲಾಗುತ್ತದೆ. ಆತನು ಶೆತ್ಸನದಿಯಾಗಿದ್ದನು. ಊರಿನ ಕಾವಲು ಮತ್ತು ಯುದ್ಧಸೇವೆಗೆ ಪ್ರತಿಯಾಗಿ ಭೂಮಿಯನ್ನು ಅನುಭವಿಸುವ ಹಕ್ಕು ಈ ಹುದ್ದೆಗಿತ್ತು.

ಕಿತ್ತೂರಿನ ಯುದ್ಧ

1824ರಲ್ಲಿ ದೊರೆ ಶಿವಲಿಂಗರುದ್ರಸರ್ಜನು ಮರಣ ಹೊಂದಿದಾಗ, ದತ್ತುಪುತ್ರ ಶಿವಲಿಂಗಪ್ಪನ ಹಕ್ಕನ್ನು ಕಂಪನಿ ಸರ್ಕಾರ ಮಾನ್ಯ ಮಾಡಲಿಲ್ಲ. ಅದೇ ವರ್ಷದ ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಡಿಸೆಂಬರ್‌ನಲ್ಲಿ ಹೆಚ್ಚಿನ ಸೇನೆಯೊಂದಿಗೆ ಮರಳಿದ ಬ್ರಿಟಿಷರು ಕೋಟೆಯನ್ನು ವಶಪಡಿಸಿಕೊಂಡರು. ರಾಣಿ ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಡಲಾಯಿತು. ಯುದ್ಧದಲ್ಲಿ ಪಾಲ್ಗೊಂಡಿದ್ದ ರಾಯಣ್ಣನೂ ಬಂಧಿತನಾಗಿ ಅನಂತರ ಬಿಡುಗಡೆ ಹೊಂದಿದನು.

ದಂಗೆ ಮತ್ತು ಮರಣ

ಹೊಸ ಆಡಳಿತವು ರಾಯಣ್ಣನ ಜಮೀನಿನ ಒಂದು ಭಾಗವನ್ನು ಮುಟ್ಟುಗೋಲು ಹಾಕಿಕೊಂಡು, ಉಳಿದುದರ ಮೇಲೆ ಭಾರಿ ತೆರಿಗೆ ವಿಧಿಸಿತು. ಸೇವೆಯ ಭೂಮಿಯನ್ನೇ ನಂಬಿದ್ದ ಇತರರೂ ಇದೇ ಸಂಕಷ್ಟಕ್ಕೆ ಒಳಗಾಗಿದ್ದರು. ಶಿವಲಿಂಗಪ್ಪನನ್ನು ಗದ್ದುಗೆಗೆ ಏರಿಸುವ ಗುರಿಯೊಂದಿಗೆ ರಾಯಣ್ಣನು ಸಾಮಾನ್ಯ ಜನರಿಂದಲೇ ಪಡೆ ಕಟ್ಟಿ, ಕಾಡುಗಳನ್ನು ಆಶ್ರಯಿಸಿ ಗೆರಿಲ್ಲಾ ಹೋರಾಟ ನಡೆಸಿದನು. ಸರ್ಕಾರಿ ಕಚೇರಿಗಳನ್ನು ಸುಟ್ಟು, ಖಜಾನೆಗಳನ್ನು ಲೂಟಿ ಮಾಡಿ, ಶ್ರೀಮಂತ ಜಮೀನುದಾರರಿಂದ ಹಣ ವಸೂಲಿ ಮಾಡಿದನು. ನೇರ ಕಾಳಗದಲ್ಲಿ ಆತನನ್ನು ಹಿಡಿಯಲಾಗದ ಕಂಪನಿಯು ಒಳಸಂಚಿನ ಮೂಲಕ 1830ರ ಏಪ್ರಿಲ್‌ನಲ್ಲಿ ಸೆರೆಹಿಡಿಯಿತು. 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದ ಬಳಿ ಆತನನ್ನು ಆಲದ ಮರಕ್ಕೆ ಗಲ್ಲಿಗೇರಿಸಲಾಯಿತು.

ಜನಪದ ಮತ್ತು ಚಲನಚಿತ್ರಗಳಲ್ಲಿ

ರಾಯಣ್ಣನ ಕಥೆಯನ್ನು ಉತ್ತರ ಕರ್ನಾಟಕದ ಲಾವಣಿ ಮತ್ತು ಗೀಗೀ ಪದಗಳು ಉಳಿಸಿಕೊಂಡು ಬಂದಿವೆ. ಬಿ. ಆರ್. ಪಂತುಲು ನಿರ್ದೇಶನದ 'ಕಿತ್ತೂರು ಚೆನ್ನಮ್ಮ' ಚಿತ್ರವು ಕಿತ್ತೂರಿನ ಯುದ್ಧವನ್ನು ತೆರೆಗೆ ತಂದಿತು. ಇದರಲ್ಲಿ ಬಿ. ಸರೋಜಾದೇವಿ ರಾಣಿಯಾಗಿಯೂ ರಾಜ್‌ಕುಮಾರ್ ಮಲ್ಲಸರ್ಜನಾಗಿಯೂ ನಟಿಸಿದ್ದಾರೆ. 2012ರಲ್ಲಿ ತೆರೆಕಂಡ, ನಾಗಣ್ಣ ನಿರ್ದೇಶನದ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರದಲ್ಲಿ ದರ್ಶನ್ ರಾಯಣ್ಣನ ಪಾತ್ರವನ್ನೂ ಜಯಪ್ರದಾ ಚೆನ್ನಮ್ಮನ ಪಾತ್ರವನ್ನೂ ನಿರ್ವಹಿಸಿದ್ದಾರೆ. ನಿಕಿತಾ ತುಕ್ರಾಲ್ ಇದರ ನಾಯಕಿ.

ಸ್ಮರಣೆ

ನಂದಗಡದಲ್ಲಿರುವ ಸಮಾಧಿಯ ಬಳಿಯ ಆಲದ ಮರವು ಪೂಜ್ಯ ಸ್ಥಾನವಾಗಿದೆ. ಸಂಗೊಳ್ಳಿಯಲ್ಲಿ ಜನವರಿ ತಿಂಗಳಿನಲ್ಲಿ ರಾಯಣ್ಣ ಉತ್ಸವ ಜರುಗುತ್ತದೆ. ಬೆಂಗಳೂರಿನ ಕೇಂದ್ರ ರೈಲು ನಿಲ್ದಾಣಕ್ಕೆ ಆತನ ಹೆಸರನ್ನಿಡಲಾಗಿದೆ.