ಸಿಂಹಾಸನಕ್ಕಾಗಿ ಪಿಯಾನೊ ವೇದಿಕೆ ತೊರೆದ ಅರಸ

ಮೈಸೂರು ಸಂಸ್ಥಾನದ ಕೊನೆಯ ಅರಸ ಶ್ರೀ ಜಯಚಾಮರಾಜೇಂದ್ರ ಒಡೆಯರ್ ಅವರನ್ನು ಕನ್ನಡ ನಾಡು ದಸರಾ ದರ್ಬಾರಿನ ವೈಭವದೊಂದಿಗೆ ನೆನೆಯುತ್ತದೆ. ಕರ್ನಾಟಕ ಸಂಗೀತದ ಬಲ್ಲವರು ಅವರನ್ನು 94 ಕೃತಿಗಳ ವಾಗ್ಗೇಯಕಾರರೆಂದು ಗೌರವಿಸುತ್ತಾರೆ. ಯೌವನದಲ್ಲಿ ಅವರು ಕಂಡಿದ್ದ ಕನಸು ಇವೆರಡಕ್ಕಿಂತ ಭಿನ್ನವಾದದ್ದು. ಪಿಯಾನೊ ವಾದಕರಾಗಿ ಜಗತ್ತಿನ ವೇದಿಕೆಗಳನ್ನು ಏರಬೇಕೆಂಬುದು ಅವರ ಹಂಬಲವಾಗಿತ್ತು. 1940ನೇ ಇಸವಿ ಆ ಹಂಬಲಕ್ಕೆ ತೆರೆ ಎಳೆಯಿತು.

ಅರಮನೆಯ ಎರಡು ಸಂಗೀತ

ಜಯಚಾಮರಾಜೇಂದ್ರರು ಜನಿಸಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಯುವರಾಣಿ ಕೆಂಪುಚೆಲುವಾಜಮ್ಮಣ್ಣಿ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಮಕ್ಕಳಿರಲಿಲ್ಲ. ಹೀಗಾಗಿ ಸಂಸ್ಥಾನದ ಭವಿಷ್ಯವೆಲ್ಲ ಯುವರಾಜರ ಈ ಏಕೈಕ ಪುತ್ರನ ಮೇಲೆ ನಿಂತಿತ್ತು.

ನಾಲ್ವಡಿಯವರ ಆಸ್ಥಾನ ಸಂಗೀತಗಾರರ ತವರಾಗಿತ್ತು. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರ್, ವೀಣೆ ವೆಂಕಟಗಿರಿಯಪ್ಪ ಅವರಂತಹ ವಿದ್ವಾಂಸರಿಗೆ ಅಲ್ಲಿ ಆಶ್ರಯವಿತ್ತು. ಅದೇ ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ನಾಲ್ವಡಿಯವರು ಸ್ವತಃ ಹಲವು ವಾದ್ಯಗಳನ್ನು ಬಲ್ಲವರು. ಪಿಟೀಲು, ಪಿಯಾನೊಗಳೂ ಅವುಗಳಲ್ಲಿ ಸೇರಿದ್ದವು. ವೀಣೆಯ ನಾದ ಮತ್ತು ಪಿಯಾನೊದ ನಾದ ಎರಡೂ ಒಂದೇ ಸೂರಿನಡಿ ಕೇಳಿಬರುತ್ತಿದ್ದ ಮನೆಯಲ್ಲಿ ರಾಜಕುಮಾರನ ಬಾಲ್ಯ ಕಳೆಯಿತು.

ಪಿಯಾನೊ ಕಲಿಕೆ ಎಳೆಯ ವಯಸ್ಸಿನಲ್ಲೇ ಆರಂಭವಾಯಿತು. ತಂಗಿ ವಿಜಯಾದೇವಿಯವರೂ ಅದೇ ವಾದ್ಯವನ್ನು ಅಭ್ಯಾಸ ಮಾಡಿದರು. ಮುಂದೆ 1974ರಲ್ಲಿ ಅವರು ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿದರು.

ಮೆಟ್ಟಿಲುಗಳ ವಿದ್ಯೆ

ಪಾಶ್ಚಾತ್ಯ ಪಿಯಾನೊ ಕಲಿಕೆ ಮೆಟ್ಟಿಲು ಮೆಟ್ಟಿಲಾಗಿ ಏರುವಂಥದ್ದು. ಲಂಡನ್ನಿನ ಟ್ರಿನಿಟಿ ಸಂಸ್ಥೆಯ ಪರೀಕ್ಷೆಗಳಲ್ಲಿ ಈಗಲೂ ಒಂದರಿಂದ ಎಂಟರವರೆಗೆ ಶ್ರೇಣಿಗಳಿವೆ. ಅವುಗಳನ್ನು ದಾಟಿದವರು ಡಿಪ್ಲೊಮಾ ಪದವಿಗಳಿಗೆ ಹೋಗುತ್ತಾರೆ. ಪ್ರತಿ ಶ್ರೇಣಿಗೂ ಕೃತಿಗಳ ಪಟ್ಟಿಯಿರುತ್ತದೆ. ಅದರಿಂದ ಶಿಷ್ಯನಿಗೆ ತಕ್ಕವನ್ನು ಆರಿಸಿಕೊಡುವುದು ಗುರುವಿನ ಹೊಣೆ.

ಮಧ್ಯಮ ಹಂತದ ವಿದ್ಯಾರ್ಥಿಗೆ ಕಛೇರಿಯ ಕೃತಿ ಆರಿಸುವುದು ಈ ವಿದ್ಯೆಯಲ್ಲಿ ಅತಿ ಸೂಕ್ಷ್ಮವಾದ ಕೆಲಸ. ತೀರ ಸುಲಭವಾದದ್ದನ್ನು ಕೊಟ್ಟರೆ ಮಗು ಬೇಸರಗೊಳ್ಳುತ್ತದೆ. ಕೈಗೆ ಮೀರಿದ್ದನ್ನು ಕೊಟ್ಟರೆ ವೇದಿಕೆಯ ಮೇಲೆ ಧೈರ್ಯ ಕುಂದುತ್ತದೆ. ಒಮ್ಮೆ ಕುಂದಿದ ಧೈರ್ಯ ಮತ್ತೆ ಕೂಡಿಬರಲು ವರ್ಷಗಳೇ ಬೇಕಾಗಬಹುದು. ಅಂಗೈಯ ಅಗಲ, ಎರಡೂ ಕೈಗಳ ಸಮತೋಲ, ಪೆಡಲಿನ ಬಳಕೆ, ನೆನಪಿನ ಶಕ್ತಿ ಎಲ್ಲವನ್ನೂ ಗುರು ತೂಗಿ ನೋಡಬೇಕು. ಒಂದು ವೇಗದ ಕೃತಿ, ಒಂದು ನಿಧಾನದ ಕೃತಿ, ಭಿನ್ನ ಕಾಲದ ಇನ್ನೊಂದು ಕೃತಿ ಎಂಬಂತೆ ಜೋಡಿಸುವುದು ರೂಢಿ. ಬಾಕ್‌ನ ಎರಡು ದನಿಯ 15 ಇನ್ವೆನ್ಷನ್‌ಗಳು, ಕ್ಲೆಮೆಂಟಿಯ ಸೊನಾಟಿನಾಗಳು, ಶೂಮನ್ 1848ರಲ್ಲಿ ಮಕ್ಕಳಿಗಾಗಿಯೇ ರಚಿಸಿದ ಕಿರುಕೃತಿಗಳು, ಚೈಕೋವ್‌ಸ್ಕಿ 1878ರಲ್ಲಿ ಬರೆದ 24 ಮಕ್ಕಳ ಕೃತಿಗಳು ಇಂದಿಗೂ ಈ ಹಂತದ ಆಸರೆಗಳಾಗಿವೆ.

ಕರ್ನಾಟಕ ಸಂಗೀತದಲ್ಲೂ ಇಂಥದೇ ಕ್ರಮವಿದೆ. ಪುರಂದರದಾಸರು ಹಾಕಿಕೊಟ್ಟ ಹಾದಿಯಲ್ಲಿ ಸರಳೆ, ಜಂಟಿ, ಅಲಂಕಾರಗಳಾದ ಬಳಿಕ ಗೀತೆ, ಆ ಮೇಲೆ ವರ್ಣ, ಅನಂತರವೇ ಕೃತಿ. ಜಯಚಾಮರಾಜೇಂದ್ರರು ತಮ್ಮ ಬದುಕಿನಲ್ಲಿ ಈ ಎರಡೂ ಏಣಿಗಳನ್ನು ಏರಿದರು.

ಒಂದೇ ವರ್ಷ, ಎರಡು ಸಾವು

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದ ರಾಜಕುಮಾರರು 1938ರಲ್ಲಿ ಪದವಿ ಪಡೆದರು. 1939ರಲ್ಲಿ ಯುರೋಪ್ ಪ್ರವಾಸ ಕೈಗೊಂಡರು. ಲಂಡನ್ನಿನ ಸಂಗೀತಲೋಕದ ಪರಿಚಯ ಆಗ ಗಾಢವಾಯಿತು. ಅದೇ ವರ್ಷ ಎರಡನೇ ಮಹಾಯುದ್ಧ ಆರಂಭವಾಯಿತು.

1940ರ ಮಾರ್ಚ್ 11ರಂದು ತಂದೆ ಯುವರಾಜರು ಮುಂಬಯಿಯಲ್ಲಿ ನಿಧನರಾದರು. ಐದು ತಿಂಗಳು ತುಂಬುವ ಮೊದಲೇ, ಆಗಸ್ಟ್ 3ರಂದು, ನಾಲ್ವಡಿ ಕೃಷ್ಣರಾಜ ಒಡೆಯರ್ ಕಣ್ಮುಚ್ಚಿದರು. ಸೆಪ್ಟೆಂಬರ್ 8ರಂದು ಜಯಚಾಮರಾಜೇಂದ್ರರು ಪಟ್ಟವೇರಿದರು. ಆಗ ಅವರ ವಯಸ್ಸು 21. ನಿತ್ಯ ಹಲವು ತಾಸಿನ ಸಾಧನೆ, ಊರಿಂದೂರಿಗೆ ಪಯಣ ಬೇಡುವ ವಾದಕನ ಬದುಕು ಅರಸನಿಗೆ ಸಾಧ್ಯವಿರಲಿಲ್ಲ. ಅವರು ರಾಜ್ಯಭಾರವನ್ನು ಒಪ್ಪಿಕೊಂಡರು.

ವಿದ್ಯೆಯನ್ನು ಮಾತ್ರ ಕೈಬಿಡಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಅವರದಾಯಿತು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೊ ಆಗಿ ಸ್ವೀಕರಿಸಿತು.

ಮರೆತವನನ್ನು ಮೇಲೆತ್ತಿದ ಮೈಸೂರು

ತಾವು ಏರಲಾಗದ ವೇದಿಕೆಗೆ ಅವರು ಇತರರನ್ನು ಏರಿಸಿದರು. ಅದರಲ್ಲಿ ಮುಖ್ಯ ಹೆಸರು ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೊದಲ್ಲಿ ಜನಿಸಿದ ಈ ಪಿಯಾನೊ ರಚನಾಕಾರ ರಷ್ಯಾ ತೊರೆದು, 1930ರ ದಶಕದ ನಡುವಿನಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದರು. ರಾಖ್ಮನಿನೋವ್ ಅವರ ಆಪ್ತ ಗೆಳೆಯ. ಹೊಸ ಕಾಲದ ಪ್ರಯೋಗಗಳನ್ನು ಒಪ್ಪದೆ ಹಳೆಯ ಮಾರ್ಗವನ್ನೇ ಹಿಡಿದಿದ್ದರಿಂದ ಅವರ ಕೃತಿಗಳಿಗೆ ಕೇಳುಗರು ವಿರಳವಾಗಿದ್ದರು. ಯುದ್ಧಕಾಲದಲ್ಲಿ ವರಮಾನವೂ ಕ್ಷೀಣಿಸಿ, ಆರೋಗ್ಯವೂ ಕೆಟ್ಟಿತ್ತು.

ಸಾವಿರಾರು ಮೈಲಿ ದೂರದ ಮೈಸೂರಿನಲ್ಲಿ ಅವರ ಸಂಗೀತವನ್ನು ಮೆಚ್ಚುವ ಅರಸರೊಬ್ಬರಿದ್ದರು. ಜಯಚಾಮರಾಜೇಂದ್ರರ ಹಣದ ನೆರವಿನಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಸ್ಥಾಪನೆಯಾಯಿತು. ಎಚ್‌ಎಂವಿ ಸಂಸ್ಥೆ ಮೆಟ್ನರ್ ಅವರಿಂದಲೇ ಅವರ ಮೂರೂ ಪಿಯಾನೊ ಕನ್ಚೆರ್ಟೊಗಳನ್ನು, ಬಿಡಿ ಕೃತಿಗಳನ್ನು, ಹಾಡುಗಳನ್ನು ಧ್ವನಿಮುದ್ರಿಸಿತು. ತಮ್ಮ ಮೂರನೇ ಕನ್ಚೆರ್ಟೊವನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡಾಗ ಅವರ ಕೈಚಳಕ ತಟ್ಟೆಗಳಲ್ಲಿ ಉಳಿದಿತ್ತು. ಇಂದು ಅವರ ಸಂಗೀತವನ್ನು ಅಭ್ಯಸಿಸುವವರಿಗೆ ಆ ಮುದ್ರಿಕೆಗಳೇ ಮೊದಲ ಆಧಾರ.

ಮೆಟ್ನರ್ ಎಳೆಯರಿಗಾಗಿಯೂ ಬರೆದಿದ್ದಾರೆ. 1930ರ ದಶಕದ ಆರಂಭದಲ್ಲಿ ರಚಿಸಿದ ಎಂಟು ಕಿರುಕೃತಿಗಳ ಗುಚ್ಛದಲ್ಲಿ ಪೀಠಿಕೆ ಮತ್ತು ಕಥೆ ಎಂಬಂತೆ ಜೋಡಿಗಳಿವೆ. ಮಧ್ಯಮ ಹಂತ ದಾಟುತ್ತಿರುವ ವಿದ್ಯಾರ್ಥಿಯ ಕಛೇರಿಗೆ ಇಂಥ ಒಂದು ಜೋಡಿ ಒಪ್ಪುತ್ತದೆ. ಬೆಂಗಳೂರು, ಮೈಸೂರುಗಳಲ್ಲಿ ಪಿಯಾನೊ ಕಲಿಯುವ ಮಕ್ಕಳಿಗೆ ಇದರಲ್ಲಿ ಕನ್ನಡ ನಾಡಿನ ನಂಟೂ ಸಿಗುತ್ತದೆ.

1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿ ಜಯಚಾಮರಾಜೇಂದ್ರರು ಆಯ್ಕೆಯಾದರು. ಆಗಷ್ಟೇ ತಲೆಯೆತ್ತುತ್ತಿದ್ದ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ಮೈಸೂರಿನ ಹಣ ಬಲ ನೀಡಿತು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ ನಡೆಯಿತು. ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ವಾದ್ಯವೃಂದವನ್ನು ನಡೆಸಿದರು. ಅದರ ಖರ್ಚಿಗೆ ಹೊಣೆ ನಿಂತವರೂ ಜಯಚಾಮರಾಜೇಂದ್ರರೇ. ಕಾರ್ಯಕ್ರಮಕ್ಕೆ ಅವರು ಹೋಗಲಾಗಲಿಲ್ಲ; ಅದರ ಧ್ವನಿಮುದ್ರಿಕೆಯನ್ನು ಮೈಸೂರಿಗೆ ತರಿಸಿಕೊಂಡರು.

ಯುದ್ಧ, ಅಭಾವ, ಮೈಸೂರು ಚಲೋ ಚಳವಳಿಗಳ ಆ ಕಾಲದಲ್ಲಿ ಅರಸರ ಹಣ ಪರದೇಶದ ಸಂಗೀತಕ್ಕೆ ಹರಿದದ್ದು ಸರಿಯೇ ಎಂಬ ಪ್ರಶ್ನೆ ಸಹಜವಾದದ್ದು. ಆ ನೆರವಿಲ್ಲದಿದ್ದರೆ ಮೆಟ್ನರ್ ಅವರ ವಾದನ ಇಷ್ಟು ವಿಸ್ತಾರವಾಗಿ ಉಳಿಯುತ್ತಿರಲಿಲ್ಲ ಎಂಬುದೂ ಅಷ್ಟೇ ದಿಟ.

ಶ್ರೀವಿದ್ಯೆಯ ಹಾದಿ

ಪಟ್ಟವೇರಿದ ಬಳಿಕ ಅರಸರ ಮನಸ್ಸು ಕರ್ನಾಟಕ ಸಂಗೀತದತ್ತಲೂ ಹೊರಳಿತು. ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನ ದೊರೆಯಿತು. ದೇವಿಯ ಉಪಾಸಕರಾಗಿದ್ದ ಅವರು ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಸಂಸ್ಕೃತ ಕೃತಿಗಳನ್ನು ರಚಿಸಿದರು. ಅವುಗಳಲ್ಲಿ ಅಪರೂಪದ ರಾಗಗಳಿಗೆ ಮನ್ನಣೆ ಸಿಕ್ಕಿದೆ. ಅಠಾಣ ರಾಗದ ಗಣಪತಿ ಕೃತಿ, ಗಂಭೀರನಾಟ ರಾಗದ ದೇವಿ ಕೃತಿ ಇಂದಿಗೂ ಕಛೇರಿಗಳಲ್ಲಿ ಕೇಳಿಬರುತ್ತವೆ. ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯ ಮೂಲಕ ಋಗ್ವೇದವನ್ನು ಕನ್ನಡದಲ್ಲಿ ಹೊರತರಿಸಿದ್ದು ಅವರ ಇನ್ನೊಂದು ಸೇವೆ.

ತುಂಗಭದ್ರೆಯ ತೀರದವರೆಗೆ

1947ರಲ್ಲಿ ಸಂಸ್ಥಾನ ಭಾರತ ಒಕ್ಕೂಟವನ್ನು ಸೇರಿತು. ಅದೇ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ನೇತೃತ್ವದ ಜನಪ್ರತಿನಿಧಿ ಸರ್ಕಾರ ಬಂದಿತು. 1950ರಿಂದ ಜಯಚಾಮರಾಜೇಂದ್ರರು ರಾಜಪ್ರಮುಖರಾದರು. 1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯ ಉದಯಿಸಿದಾಗ ಅದರ ರಾಜ್ಯಪಾಲರಾದರು.

ಅಂದಿನವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು ಜಿಲ್ಲೆಯೂ ಆ ದಿನ ಹೊಸ ರಾಜ್ಯಕ್ಕೆ ಬಂದಿತು. ಅಶೋಕನ ಶಾಸನದ ಮಸ್ಕಿ, ಚಿನ್ನದ ಗಣಿಯಿರುವ ಲಿಂಗಸುಗೂರು ಸೀಮೆ, ಸಿಂಧನೂರು ತಾಲ್ಲೂಕಿನ ತುಂಗಭದ್ರಾ ತೀರದ ಮುಕ್ಕುಂದದಂತಹ ಊರುಗಳು ಮೈಸೂರಿನ ಅರಸು ಮನೆತನದ ಆಳ್ವಿಕೆಯನ್ನು ಕಂಡಿದ್ದಕ್ಕಿಂತ ನಿಜಾಮರ ಆಳ್ವಿಕೆಯನ್ನೇ ಹೆಚ್ಚು ಕಂಡವು. ಆ ಜನರಿಗೆ ಜಯಚಾಮರಾಜೇಂದ್ರರು ಅರಸರಾಗಿ ಬರಲಿಲ್ಲ, ಸಂವಿಧಾನದ ಪ್ರತಿನಿಧಿಯಾಗಿ ಬಂದರು.

ಆ ಸೀಮೆಯಲ್ಲಿ ಪಿಯಾನೊ ಅಪರೂಪ. ಭಜನಾ ಮೇಳ, ಬಯಲಾಟ, ಕಂಪನಿ ನಾಟಕಗಳ ಮೂಲಕ ಹಾರ್ಮೋನಿಯಂ ಮಾತ್ರ ಹಳ್ಳಿಹಳ್ಳಿ ತಲುಪಿದೆ. ಅದೇ ಕಪ್ಪು ಬಿಳಿ ಮನೆಗಳ ಮೇಲೆ ನಾಟಕದ ಮಾಸ್ತರರು ಮಕ್ಕಳಿಗೆ ಸ್ವರ ಹೇಳಿಕೊಡುತ್ತಾರೆ. ಜಾತ್ರೆಯ ರಾತ್ರಿ ಯಾವ ಮಗುವಿಗೆ ಯಾವ ಪದ ಎಂದು ಅವರು ತೂಗುವುದೂ ಪಿಯಾನೊ ಗುರುವಿನ ಲೆಕ್ಕಾಚಾರಕ್ಕಿಂತ ಬೇರೆಯದಲ್ಲ.

1964ರಿಂದ 1966ರವರೆಗೆ ಮದರಾಸು ರಾಜ್ಯಪಾಲರಾಗಿ ಸೇವೆ ಸಲ್ಲಿಸಿದ ಜಯಚಾಮರಾಜೇಂದ್ರರು 1974ರ ಸೆಪ್ಟೆಂಬರ್ 23ರಂದು ನಿಧನರಾದರು. ಆಗ ಅವರಿಗೆ 55 ವರ್ಷ. 2019ರಲ್ಲಿ ಅವರ ಜನ್ಮಶತಮಾನೋತ್ಸವ ಸಂದಿತು. ಕನ್ನಡ ನಾಡಿನ ಎಳೆಯ ಕಲಾವಿದರ ಕಛೇರಿಗಳಲ್ಲಿ ಅವರ ಕೃತಿಯೊಂದು, ಇಲ್ಲವೆ ಅವರು ಪೋಷಿಸಿದ ಮೆಟ್ನರ್‌ನ ಕಿರುಕೃತಿಯೊಂದು ಕೇಳಿಬಂದರೆ ಅದು ಆ ಸಂಗೀತಪ್ರಿಯ ಅರಸರಿಗೆ ಸಲ್ಲುವ ತಕ್ಕ ಗೌರವವಾಗುತ್ತದೆ.