ಇಂಗ್ಲಿಷ್ ವಿಭಾಗದ ಮುಖ್ಯಸ್ಥನ ಕುರ್ಚಿ ಬಿಟ್ಟು ಕಾಡಂಚಿನ ಮನೆ ಸೇರಿದ ಮೇಷ್ಟ್ರು: ಟಿ.ಎಚ್. ವೈಟ್ ಬದುಕಿನ ಕಥೆ

ಉದ್ದನೆಯ ಬಿಳಿ ಗಡ್ಡದ ಮಾಂತ್ರಿಕ ಅಜ್ಜ. ಅವನ ಎದುರಿಗೆ ಸಣಕಲು ಹುಡುಗ. ಅಜ್ಜ ಮಂತ್ರ ಹಾಕಿದ ಕೂಡಲೇ ಹುಡುಗ ಮೀನಾಗಿ ನೀರಿಗೆ ಬೀಳುತ್ತಾನೆ. ಡಿಸ್ನಿ ಕಂಪನಿ 1963ರಲ್ಲಿ ತಂದ 'ದಿ ಸ್ವೋರ್ಡ್ ಇನ್ ದಿ ಸ್ಟೋನ್' ಕಾರ್ಟೂನ್ ಸಿನಿಮಾದ ಈ ದೃಶ್ಯವನ್ನು ಟಿವಿಯಲ್ಲೋ ಮೊಬೈಲಲ್ಲೋ ಮಕ್ಕಳ ಜೊತೆ ಕೂತು ನೋಡಿದವರು ಬಹಳ ಮಂದಿ ಇದ್ದಾರೆ. ಆದರೆ ಆ ಅಜ್ಜನಿಗೆ ಈ ರೂಪ ಕೊಟ್ಟವರು ಇಂಗ್ಲೆಂಡಿನ ಒಂದು ವಸತಿ ಶಾಲೆಯಲ್ಲಿ ಇಂಗ್ಲಿಷ್ ವಿಭಾಗದ ಮುಖ್ಯಸ್ಥರಾಗಿದ್ದ ಮೇಷ್ಟ್ರು ಅಂತ ಗೊತ್ತಿರುವವರು ಕಡಿಮೆ. ಆ ಮೇಷ್ಟ್ರು ಹುಟ್ಟಿದ್ದು ನಮ್ಮದೇ ದೇಶದ ಬಾಂಬೆಯಲ್ಲಿ ಅನ್ನೋದು ಇನ್ನೂ ಕಡಿಮೆ ಜನಕ್ಕೆ ಗೊತ್ತು.

ಅವರ ಹೆಸರು ಟೆರೆನ್ಸ್ ಹ್ಯಾನ್‌ಬರಿ ವೈಟ್. ಪುಸ್ತಕಗಳ ಮೇಲೆ ಟಿ.ಎಚ್. ವೈಟ್.

ಐದನೇ ವಯಸ್ಸಿಗೆ ಸಮುದ್ರದಾಚೆಗೆ

ವೈಟ್ ಹುಟ್ಟಿದ್ದು 1906ರ ಮೇ 29ರಂದು. ಅಪ್ಪ ಗ್ಯಾರಿಕ್ ವೈಟ್ ಬ್ರಿಟಿಷ್ ಸರ್ಕಾರದ ಪೊಲೀಸ್ ಇಲಾಖೆಯಲ್ಲಿ ಅಧಿಕಾರಿ. ಅಮ್ಮ ಕಾನ್‌ಸ್ಟನ್ಸ್. ಮನೆಯಲ್ಲಿ ಆಳುಕಾಳುಗಳಿಗೆ ಕೊರತೆ ಇರಲಿಲ್ಲ, ನೆಮ್ಮದಿ ಮಾತ್ರ ಇರಲಿಲ್ಲ. ಅಪ್ಪ ಕುಡಿಯುತ್ತಿದ್ದರು. ಗಂಡ ಹೆಂಡತಿಗೆ ಒಂದು ದಿನವೂ ಹೊಂದಿಕೆ ಆಗುತ್ತಿರಲಿಲ್ಲ. ಅಮ್ಮನ ಪ್ರೀತಿಯೂ ಹಾಗೇ, ಒಮ್ಮೆ ಉಸಿರು ಕಟ್ಟುವಷ್ಟು, ಇನ್ನೊಮ್ಮೆ ಲವಲೇಶವೂ ಇಲ್ಲ.

ಮಗುವಿಗೆ ಐದು ವರ್ಷ ಆಗುತ್ತಿದ್ದಂತೆ ಇಂಗ್ಲೆಂಡಿಗೆ ಕರೆದುಕೊಂಡು ಹೋಗಿ ಅಮ್ಮನ ತವರಲ್ಲಿ, ಅಜ್ಜ ಅಜ್ಜಿಯ ಹತ್ತಿರ ಬಿಟ್ಟರು. ಆ ಕಾಲದಲ್ಲಿ ಇಂಡಿಯಾದಲ್ಲಿ ನೌಕರಿ ಮಾಡುತ್ತಿದ್ದ ಬ್ರಿಟಿಷರು ಮಕ್ಕಳನ್ನು ಓದಿಗೆ ಅಂತ ಹೀಗೆ ಕಳಿಸೋದು ರೂಢಿಯೇ ಆಗಿತ್ತು. ಹುಡುಗನಿಗೆ ಅಜ್ಜಿ ಮನೆಯ ದಿನಗಳು ಚೆನ್ನಾಗೇ ಇದ್ದವು. ಕಷ್ಟ ಶುರುವಾಗಿದ್ದು ಆಮೇಲೆ. ಹದಿನಾಲ್ಕರ ಆಸುಪಾಸಿನಲ್ಲಿ ಅಪ್ಪ ಅಮ್ಮ ಬೇರೆ ಬೇರೆ ಆದರು. ಅದೇ ಹೊತ್ತಿಗೆ ಅವನು ಚೆಲ್ಟನ್‌ಹ್ಯಾಮ್ ಕಾಲೇಜು ಅನ್ನೋ ವಸತಿ ಶಾಲೆಗೆ ಸೇರಿದ.

ಸೈನ್ಯಕ್ಕೆ, ಸಾಮ್ರಾಜ್ಯದ ನೌಕರಿಗೆ ಹುಡುಗರನ್ನು ತಯಾರು ಮಾಡುವ ಶಾಲೆ ಅದು. ಬೆತ್ತದ ಏಟು ದಿನನಿತ್ಯದ ಮಾತು. ಮೇಷ್ಟ್ರೂ ಹೊಡೆಯುತ್ತಿದ್ದರು, ದೊಡ್ಡ ತರಗತಿಯ ಹುಡುಗರೂ ಹೊಡೆಯುತ್ತಿದ್ದರು. ರಜೆಗೆ ಹೋಗೋಣ ಅಂದರೆ ಒಟ್ಟಾಗಿರುವ ಮನೆ ಇಲ್ಲ. ಅಲ್ಲಿ ತಿಂದ ಏಟಿನ ಭಯ ವೈಟ್ ಅವರನ್ನು ಜೀವನಪೂರ್ತಿ ಬಿಡಲಿಲ್ಲ. ಅದೇ ಶಾಲೆಯಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟ್ರು ಮಾತ್ರ ಈ ಹುಡುಗನ ಕೈಯಲ್ಲಿ ಬರವಣಿಗೆ ಇದೆ ಅಂತ ಗುರುತಿಸಿ, ಬರೆಯೋದಕ್ಕೆ ಹುರಿದುಂಬಿಸಿದರು. ಆ ಉಪಕಾರವನ್ನೂ ವೈಟ್ ಕೊನೆತನಕ ಮರೆಯಲಿಲ್ಲ.

ಹಣ ಕೂಡಿಸಿ ಉಳಿಸಿದ ಗುರುಗಳು

ಮುಂದೆ ಕೇಂಬ್ರಿಡ್ಜ್‌ನ ಕ್ವೀನ್ಸ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಓದು. ಇಂಗ್ಲೆಂಡಿನಲ್ಲಿ ಆಗ ಟಿಮೊಥಿ ವೈಟ್ಸ್ ಅಂತ ಊರೂರಲ್ಲಿ ಮೆಡಿಕಲ್ ಶಾಪ್‌ಗಳಿದ್ದವು. ಆ ಬೋರ್ಡಿನ ಹೆಸರು ಹಿಡಿದು ಗೆಳೆಯರು ಇವರಿಗೆ ಟಿಮ್ ಅಂತ ಅಡ್ಡಹೆಸರಿಟ್ಟರು. ಅದೇ ಹೆಸರು ಕೊನೆವರೆಗೂ ಉಳಿಯಿತು.

ಓದಿನ ಮಧ್ಯದಲ್ಲಿ ಕ್ಷಯ ರೋಗ ಹಿಡಿಯಿತು. ಆಗ ಟಿಬಿಗೆ ಈಗಿನ ಹಾಗೆ ಮಾತ್ರೆ ಇರಲಿಲ್ಲ. ಒಳ್ಳೆ ಗಾಳಿ, ಬಿಸಿಲು, ವಿಶ್ರಾಂತಿ, ಇಷ್ಟೇ ಔಷಧಿ. ಕೇಂಬ್ರಿಡ್ಜ್‌ನ ಅಧ್ಯಾಪಕರು ತಮ್ಮತಮ್ಮಲ್ಲೇ ಹಣ ಕೂಡಿಸಿ ಈ ಬಡ ವಿದ್ಯಾರ್ಥಿಯನ್ನು ಇಟಲಿಗೆ ಕಳಿಸಿದರು. ಅಲ್ಲಿ ಚೇತರಿಸಿಕೊಂಡು ಬಂದ ವೈಟ್ ಪ್ರಥಮ ದರ್ಜೆಯಲ್ಲಿ ಪಾಸಾದರು. ಪಾಠ ಹೇಳುತ್ತಿದ್ದ ಎಲ್.ಜೆ. ಪಾಟ್ಸ್ ಅವರ ಜೊತೆ ಬೆಳೆದ ಸ್ನೇಹ ಸಾಯುವತನಕ ನಡೆಯಿತು. ಆರ್ಥರ್ ರಾಜನ ಬಗ್ಗೆ ಹದಿನೈದನೇ ಶತಮಾನದಲ್ಲಿ ಥಾಮಸ್ ಮ್ಯಾಲರಿ ಬರೆದ ಹಳೆಯ ಗ್ರಂಥದ ಮೇಲೆ ವೈಟ್ ಪ್ರಬಂಧ ಬರೆದಿದ್ದೂ ಈ ದಿನಗಳಲ್ಲೇ. ಪರೀಕ್ಷೆಗೆ ಅಂತ ಬರೆದದ್ದು ಹತ್ತು ವರ್ಷದ ಮೇಲೆ ಬದುಕನ್ನೇ ತಿರುಗಿಸುತ್ತೆ ಅಂತ ಆಗ ಯಾರಿಗೂ ಅನಿಸಿರಲಿಲ್ಲ.

26ನೇ ವಯಸ್ಸಿಗೆ ವಿಭಾಗದ ಮುಖ್ಯಸ್ಥ

ಒಂದು ಚಿಕ್ಕ ಶಾಲೆಯಲ್ಲಿ ಎರಡು ವರ್ಷ ಪಾಠ ಮಾಡಿ, 1932ರಲ್ಲಿ ವೈಟ್ ಬಕಿಂಗ್‌ಹ್ಯಾಮ್‌ಶೈರ್ ಜಿಲ್ಲೆಯ ಸ್ಟೋ ಶಾಲೆಗೆ ಬಂದರು. ಬಂದದ್ದೇ ಇಂಗ್ಲಿಷ್ ವಿಭಾಗದ ಮುಖ್ಯಸ್ಥರಾಗಿ. ವಯಸ್ಸು ಇಪ್ಪತ್ತಾರು.

ಸ್ಟೋ ಅಂದರೆ ಹಿಂದೆ ಡ್ಯೂಕ್‌ಗಳು ಬಾಳಿದ ಅರಮನೆ. ಸುತ್ತ ಕೆರೆ, ಹುಲ್ಲುಗಾವಲು, ತೋಟದ ನಡುವೆ ಗುಡಿಗಳಂತೆ ಕಟ್ಟಿಸಿದ ಮಂಟಪಗಳು. ವಂಶದ ಆಸ್ತಿ ಕರಗಿ 1923ರಲ್ಲಿ ಅದು ಹುಡುಗರ ವಸತಿ ಶಾಲೆಯಾಯಿತು. ಮೊದಲ ಹೆಡ್‌ಮಾಸ್ಟರ್ ಜೆ.ಎಫ್. ರಾಕ್ಸ್‌ಬರೋ. ಆ ಕಾಲದ ಶಾಲೆಗಳಲ್ಲಿ ಹುಡುಗರನ್ನು ಮನೆತನದ ಹೆಸರಿನಿಂದ ಕರೆಯೋದು ವಾಡಿಕೆ. ರಾಕ್ಸ್‌ಬರೋ ಒಬ್ಬೊಬ್ಬ ಹುಡುಗನನ್ನೂ ಅವನ ಸ್ವಂತ ಹೆಸರು ಹಿಡಿದೇ ಮಾತಾಡಿಸುತ್ತಿದ್ದರು. ಉಳಿದ ಕಡೆ ನಡೆಯುತ್ತಿದ್ದ ದಬ್ಬಾಳಿಕೆ ಇಲ್ಲಿ ಬೇಡ ಅನ್ನೋದು ಅವರ ಹಟ. ಸ್ವಲ್ಪ ವಿಚಿತ್ರ ಸ್ವಭಾವದ ಮೇಷ್ಟ್ರುಗಳಿಗೂ ಅವರು ಜಾಗ ಕೊಟ್ಟರು. ವೈಟ್ ಅಂಥವರಲ್ಲಿ ಮೊದಲಿಗರು.

ವಸತಿ ಶಾಲೆಯ ಮೇಷ್ಟ್ರಿಗೆ ಸಂಜೆ ಗಂಟೆ ಹೊಡೆದರೆ ಕೆಲಸ ಮುಗಿಯಲ್ಲ. ಊಟದ ಹೊತ್ತಿಗೂ ಹುಡುಗರು, ಆಟದ ಬಯಲಲ್ಲೂ ಹುಡುಗರು, ರಾತ್ರಿ ಓದಿನ ಹೊತ್ತಿಗೂ ಅವರೇ. ಅಂಥ ಕಡೆ ವೈಟ್ ಅವರ ಕೋಣೆಯಲ್ಲಿ ಹಾವುಗಳಿದ್ದವು. ವಿಷ ಇಲ್ಲದ ಹುಲ್ಲುಹಾವು, ಸಾಕಿಕೊಂಡಿದ್ದವು. ರಜೆ ಸಿಕ್ಕರೆ ಕುದುರೆ, ಗಾಳ, ಬಂದೂಕು, ವೇಗದ ಬೆಂಟ್ಲಿ ಕಾರು. ವಿಮಾನದ ಭಯ ಇತ್ತು ಅಂತಲೇ ವಿಮಾನ ಹಾರಿಸೋದು ಕಲಿತರು. ಯಾವುದಕ್ಕೆ ಹೆದರಿಕೆಯೋ ಅದನ್ನೇ ಮಾಡಿ ಹೆದರಿಕೆ ಓಡಿಸಬೇಕು ಅನ್ನೋದು ಅವರ ರೀತಿ. ಚೆಲ್ಟನ್‌ಹ್ಯಾಮ್‌ನಲ್ಲಿ ಏಟು ತಿಂದ ಹುಡುಗ ಇನ್ನೂ ಒಳಗೇ ಇದ್ದ.

ತರಗತಿಯಲ್ಲಿ ಹೇಗಿದ್ದರು? ಜಾಣ ಹುಡುಗರಿಗೆ ಅವರ ಪಾಠ ಹಬ್ಬ. ಪುಸ್ತಕದಲ್ಲಿ ಇದ್ದದ್ದನ್ನು ಗಿಳಿಪಾಠ ಒಪ್ಪಿಸಿದರೆ ಸುಮ್ಮನೆ ಬಿಡುತ್ತಿರಲಿಲ್ಲ, ನಿನಗೇನು ಅನಿಸಿತು ಅಂತ ಕೇಳುತ್ತಿದ್ದರು. ಆದರೆ ನಾಲಿಗೆ ಬಹಳ ಹರಿತ. ಒಂದು ಚುಚ್ಚುಮಾತಿಗೆ ಹುಡುಗರು ಮುದುಡಿ ಹೋಗುತ್ತಿದ್ದರು. ಬೆತ್ತದ ಭಯದಲ್ಲಿ ಬೆಳೆದ ಮನುಷ್ಯ ಮೇಷ್ಟ್ರಾದ ಮೇಲೆ ಬೆತ್ತದ ಬದಲು ಮಾತಿನಿಂದ ಹೆದರಿಸುತ್ತಿದ್ದರು. ಅಂಥ ಮೇಷ್ಟ್ರು ಮುಂದೆ ಪ್ರಪಂಚವೇ ಇಷ್ಟಪಟ್ಟ ಗುರುವಿನ ಪಾತ್ರ ಬರೆದದ್ದು ಹೇಗೆ ಅನ್ನೋದೇ ಈ ಕಥೆಯ ತಿರುಳು.

ಗಿಡುಗ ಕಲಿಸಿದ ಪಾಠ

1936ರಲ್ಲಿ ವೈಟ್ ಅವರ ಹಳ್ಳಿ ಬದುಕಿನ ದಿನಚರಿಯ ಪುಸ್ತಕ, 'ಇಂಗ್ಲೆಂಡ್ ಹ್ಯಾವ್ ಮೈ ಬೋನ್ಸ್', ಚೆನ್ನಾಗಿ ಮಾರಾಟವಾಯಿತು. ಬರವಣಿಗೆಯಲ್ಲೇ ಬದುಕಬಹುದು ಅನ್ನೋ ಧೈರ್ಯ ಬಂತು. ಅದೇ ವರ್ಷ ರಾಜೀನಾಮೆ ಕೊಟ್ಟರು.

ಇದೇನು ಸಣ್ಣ ಮಾತಲ್ಲ. ಒಳ್ಳೆ ಶಾಲೆ, ಮುಖ್ಯಸ್ಥನ ಹುದ್ದೆ, ಊಟ ವಸತಿ, ತಿಂಗಳಾದರೆ ಸಂಬಳ. ಮೂವತ್ತನೇ ವಯಸ್ಸಿಗೆ ಇದೆಲ್ಲಾ ಬಿಟ್ಟು ಅವರು ಹೋದದ್ದು ಸ್ಟೋ ಎಸ್ಟೇಟಿನದೇ ಕಾಡಂಚಿನಲ್ಲಿದ್ದ ಹಳೆಯ ಕಾವಲುಗಾರನ ಮನೆಗೆ. ಕರೆಂಟಿಲ್ಲ, ನಲ್ಲಿ ಇಲ್ಲ, ನೀರು ಬಾವಿಯದು.

ಅಲ್ಲಿಗೆ ಜರ್ಮನಿಯಿಂದ ಒಂದು ಗಿಡುಗ ತರಿಸಿಕೊಂಡರು. ಗಾಸ್‌ಹಾಕ್ ಜಾತಿಯ ದೊಡ್ಡ ಬೇಟೆ ಹಕ್ಕಿ. ಹೆಸರು ಗಾಸ್ ಅಂತಲೇ ಇಟ್ಟರು. ಪಳಗಿಸುವವರು ಹತ್ತಿರ ಯಾರೂ ಇರಲಿಲ್ಲ. ಹದಿನೇಳನೇ ಶತಮಾನದ ಒಂದು ಪುಸ್ತಕ ನೋಡಿಕೊಂಡು ಶುರು ಮಾಡಿದರು. ಆ ಹಳೆಯ ಕ್ರಮ ಹೀಗಿತ್ತು: ಚರ್ಮದ ಕೈಚೀಲ ಹಾಕಿದ ಮುಷ್ಟಿ ಮೇಲೆ ಹಕ್ಕಿಯನ್ನು ಕೂರಿಸಿಕೊಂಡು ರಾತ್ರಿಯೆಲ್ಲಾ ಎಚ್ಚರ ಇರಬೇಕು. ಹಕ್ಕಿಗೂ ನಿದ್ದೆ ಇಲ್ಲ, ಮನುಷ್ಯನಿಗೂ ಇಲ್ಲ. ದಣಿದು ದಣಿದು, ಕಡೆಗೆ ಈ ಮನುಷ್ಯನಿಂದ ಅಪಾಯ ಇಲ್ಲ ಅಂತ ನಂಬಿ ಹಕ್ಕಿ ಕೈ ಮೇಲೇ ಕಣ್ಣು ಮುಚ್ಚಬೇಕು. ವೈಟ್ ಸಾಲಾಗಿ ಮೂರು ರಾತ್ರಿ ಹಾಗೆ ಕಳೆದರು.

ಹುಡುಗನಿಗೆ ಹೊಡೆದರೆ ಭಯಕ್ಕಾದರೂ ಕೂತು ಓದುತ್ತಾನೆ. ಗಿಡುಗಕ್ಕೆ ಹೊಡೆದರೆ ಅಷ್ಟೇ, ಮತ್ತೆಂದೂ ನಂಬಲ್ಲ. ಸಿಟ್ಟು ತೋರಿಸಿದರೂ ಹತ್ತಿರ ಬರಲ್ಲ. ಅದು ರೆಕ್ಕೆ ಬಡಿದು ತಲೆಕೆಳಗಾಗಿ ಜೋತುಬಿದ್ದಾಗೆಲ್ಲಾ ಮೆಲ್ಲಗೆ ಎತ್ತಿ ಮತ್ತೆ ಕೈ ಮೇಲೆ ಕೂರಿಸಬೇಕು, ನೂರು ಸಲ ಆದರೂ ಸರಿ. ಸ್ಟೋದಲ್ಲಿ ನಾಲಿಗೆಯಿಂದ ತರಗತಿ ಆಳಿದ ಮೇಷ್ಟ್ರಿಗೆ ಈಗ ನಾಲಿಗೆ ಉಪಯೋಗಕ್ಕೆ ಬರಲಿಲ್ಲ.

ಅವರು ತಪ್ಪೂ ಬಹಳ ಮಾಡಿದರು. ಮುದ್ದಿಗೆ ಬಿದ್ದು ಹೆಚ್ಚು ತಿನ್ನಿಸಿದರು. ಹೊಟ್ಟೆ ತುಂಬಿದ ಗಿಡುಗ ಕರೆದರೆ ಬರಲ್ಲ. ಕಡೆಗೊಂದು ದಿನ ಕಟ್ಟಿದ ದಾರ ಕಿತ್ತುಹೋಗಿ ಗಾಸ್ ಹಾರಿಹೋಯಿತು, ಮತ್ತೆ ಸಿಗಲಿಲ್ಲ. ಆ ಸೋಲಿನ ಕಥೆಯನ್ನು ಬರೆದವರು ಪ್ರಕಟಿಸಲು ಮನಸ್ಸು ಮಾಡಲಿಲ್ಲ. ವರ್ಷಗಳ ಮೇಲೆ ಅವರ ಮನೆಗೆ ಬಂದ ಪ್ರಕಾಶಕರೊಬ್ಬರಿಗೆ ಕೂರುವ ಸೋಫಾದ ಹತ್ತಿರವೇ ಆ ಹಸ್ತಪ್ರತಿ ಸಿಕ್ಕಿತು. 'ದಿ ಗಾಸ್‌ಹಾಕ್' 1951ರಲ್ಲಿ ಬಂತು. ಇಂದಿಗೂ ಓದುವ ಪುಸ್ತಕ ಅದು.

ತನಗೆ ಸಿಗದ ಗುರುವನ್ನು ಬರೆದರು

ಹಕ್ಕಿ ಹೋದ ಮೇಲೆ ಕಾಡಿನ ಮನೆಯಲ್ಲಿ ವೈಟ್ ಮತ್ತೆ ಮ್ಯಾಲರಿಯ ಹಳೆಯ ಗ್ರಂಥ ಕೈಗೆತ್ತಿಕೊಂಡರು. ಆರ್ಥರ್ ದೊಡ್ಡ ರಾಜನಾದ ಕಥೆ ಎಲ್ಲರಿಗೂ ಗೊತ್ತು. ಆದರೆ ರಾಜನಾಗುವ ಮೊದಲು ಅವನಿಗೆ ಪಾಠ ಹೇಳಿದವರು ಯಾರು, ಏನು ಕಲಿಸಿದರು? ಹಳೆಯ ಗ್ರಂಥದಲ್ಲಿ ಆ ಭಾಗ ಖಾಲಿ. ಅದನ್ನು ಮೇಷ್ಟ್ರು ತುಂಬಿಸಿದರು. 1938ರಲ್ಲಿ 'ದಿ ಸ್ವೋರ್ಡ್ ಇನ್ ದಿ ಸ್ಟೋನ್' ಬಂತು.

ಹುಡುಗನ ಹೆಸರು ವಾರ್ಟ್. ಅಪ್ಪ ಅಮ್ಮ ಯಾರಂತ ಗೊತ್ತಿಲ್ಲದೆ ಬೇರೆಯವರ ಕೋಟೆಯಲ್ಲಿ ಬೆಳೆಯುತ್ತಿರುವವನು. ಅವನಿಗೆ ಮೇಷ್ಟ್ರಾಗಿ ಬರುವವನು ಮರ್ಲಿನ್. ಈ ಅಜ್ಜನ ಮನೆ ತುಂಬಾ ಪುಸ್ತಕ, ಪ್ರಾಣಿ, ಹಾವು, ಗೂಬೆ. ಮರ್ಲಿನ್ ಬೆತ್ತ ಹಿಡಿಯಲ್ಲ. ಹುಡುಗನನ್ನು ಮೀನು ಮಾಡಿ ಕಂದಕಕ್ಕೆ ಇಳಿಸುತ್ತಾನೆ. ಬಲ ಇದ್ದವನದೇ ರಾಜ್ಯ ಅಂದರೆ ಹೇಗಿರುತ್ತೆ ಅಂತ ದೊಡ್ಡ ಮೀನೊಂದರ ಬಾಯಿಯ ಮುಂದೆ ಅವನಿಗೇ ತಿಳಿಯುತ್ತೆ. ಹಕ್ಕಿ ಮಾಡಿ ಬೇಟೆ ಹಕ್ಕಿಗಳ ನಡುವೆ ಒಂದು ರಾತ್ರಿ ಕೂರಿಸುತ್ತಾನೆ. ಹುಡುಗ ಬೇಸರದಲ್ಲಿದ್ದರೆ ಅದಕ್ಕೆ ಮದ್ದು ಹೊಸದೇನಾದರೂ ಕಲಿಯೋದು ಅನ್ನೋದು ಈ ಗುರುವಿನ ನಂಬಿಕೆ. ಕಡೆಗೆ ಕಲ್ಲಿನಲ್ಲಿ ನೆಟ್ಟ ಕತ್ತಿಯನ್ನು ಬಲಶಾಲಿಗಳೆಲ್ಲಾ ಎಳೆದು ಸೋತಾಗ ಈ ಹುಡುಗ ಎಳೆಯುತ್ತಾನೆ.

ಅಮೆರಿಕದ ದೊಡ್ಡ ಓದುಗರ ಸಂಘ ಬುಕ್ ಆಫ್ ದಿ ಮಂತ್ ಕ್ಲಬ್ ಇದನ್ನು ಆರಿಸಿಕೊಂಡಿತು. ವೈಟ್ ಕೈಯಲ್ಲಿ ಮೊದಲ ಸಲ ನಾಲ್ಕು ಕಾಸು ಓಡಾಡಿತು. ಮರುವರ್ಷ ಡಿಸ್ನಿ ಸಿನಿಮಾದ ಹಕ್ಕು ಕೊಂಡಿತು.

ಒಂಟಿ ವರ್ಷಗಳು

1939ರಲ್ಲಿ ಮೀನು ಹಿಡಿಯಲು ಐರ್ಲೆಂಡಿಗೆ ಹೋದವರು ಯುದ್ಧ ಮುಗಿಯುವವರೆಗೂ ಅಲ್ಲೇ ಒಂದು ರೈತರ ಮನೆಯಲ್ಲಿ ಉಳಿದರು. ಆರ್ಥರ್ ಕಥೆಯ ಮುಂದಿನ ಭಾಗಗಳನ್ನು ಅಲ್ಲಿ ಬರೆದರು. ಮದುವೆ ಆಗಲಿಲ್ಲ. ಕುಡಿತ ಬಿಡಲಿಲ್ಲ. ಜೊತೆಗಿದ್ದದ್ದು ಬ್ರೌನಿ ಅನ್ನೋ ಕೆಂಪು ನಾಯಿ. 1944ರಲ್ಲಿ ಅವರು ಡಬ್ಲಿನ್‌ಗೆ ಹೋಗಿದ್ದ ದಿನ ಅದು ಸತ್ತಿತು. ಕೊನೆ ಗಳಿಗೆಯಲ್ಲಿ ಹತ್ತಿರ ಇರಲಿಲ್ಲ ಅನ್ನೋ ಕೊರಗು ಅವರನ್ನು ಬಹಳ ಕಾಲ ಕಾಡಿತು.

1946ರಲ್ಲಿ ಇಂಗ್ಲಿಷ್ ಕಾಲುವೆಯ ಆಲ್ಡರ್ನಿ ಅನ್ನೋ ಪುಟ್ಟ ದ್ವೀಪಕ್ಕೆ ಹೋಗಿ ನೆಲೆಸಿದರು. ಆರ್ಥರ್ ಕಥೆಯ ನಾಲ್ಕು ಭಾಗಗಳೂ ಸೇರಿ 1958ರಲ್ಲಿ 'ದಿ ಒನ್ಸ್ ಅಂಡ್ ಫ್ಯೂಚರ್ ಕಿಂಗ್' ಆಯಿತು. ಅದನ್ನು ಆಧರಿಸಿದ 'ಕ್ಯಾಮೆಲಾಟ್' ಸಂಗೀತ ನಾಟಕ 1960ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾಗಿ ಭಾರಿ ಹೆಸರು ಮಾಡಿತು. ದುಡ್ಡು ಬಂತು. ಆ ದ್ವೀಪದ ಮನೆಗೆ ವೈಟ್ ಕಣ್ಣೂ ಕಾಣದ ಕಿವಿಯೂ ಕೇಳದ ಜನರನ್ನು ರಜೆ ಕಳೆಯಲು ಕರೆಸಿಕೊಳ್ಳುತ್ತಿದ್ದರು. ಅವರ ಅಂಗೈ ಮೇಲೆ ಬೆರಳಿನಿಂದ ಅಕ್ಷರ ಮೂಡಿಸಿ ಮಾತಾಡುವ ವಿದ್ಯೆಯನ್ನು ಅದಕ್ಕೋಸ್ಕರವೇ ಕಲಿತರು. ಒಂದು ಕಾಲದಲ್ಲಿ ಹರಿತ ನಾಲಿಗೆಗೆ ಹೆಸರಾಗಿದ್ದ ಮೇಷ್ಟ್ರು ಈಗ ತಾಳ್ಮೆಯಿಂದ ಒಂದೊಂದೇ ಅಕ್ಷರ ಮೂಡಿಸುತ್ತಿದ್ದರು.

ಕೊನೆಯ ಪಾಠ

1963ರ ಕೊನೆಯ ತಿಂಗಳುಗಳಲ್ಲಿ ಉಪನ್ಯಾಸಕ್ಕೆ ಅಂತ ಅಮೆರಿಕಕ್ಕೆ ಹೋದರು. ಸ್ಟೋ ಬಿಟ್ಟ 27 ವರ್ಷದ ಮೇಲೆ ವೈಟ್ ಮತ್ತೆ ವಿದ್ಯಾರ್ಥಿಗಳ ಮುಂದೆ ನಿಂತರು. ಆ ಪ್ರವಾಸ ಮುಗಿಸಿ ಹಡಗಿನಲ್ಲಿ ಬರುವಾಗ, 1964ರ ಜನವರಿ 17ರಂದು, ಗ್ರೀಸ್ ದೇಶದ ಪಿರೇಯಸ್ ಬಂದರಿನಲ್ಲಿ ತಮ್ಮ ಕ್ಯಾಬಿನ್‌ನಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 57. ಅಥೆನ್ಸ್‌ನಲ್ಲಿ ಮಣ್ಣು ಮಾಡಿದರು. ಬಾಂಬೆಯಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, ಐರ್ಲೆಂಡಿನಲ್ಲಿ ಬರೆದ ಮನುಷ್ಯನಿಗೆ ಕೊನೆಗೆ ಜಾಗ ಸಿಕ್ಕಿದ್ದು ಗುರುತು ಪರಿಚಯ ಇಲ್ಲದ ಊರಲ್ಲಿ.

ಹ್ಯಾರಿ ಪಾಟರ್ ಬರೆದ ಜೆ.ಕೆ. ರೌಲಿಂಗ್ ತಮ್ಮ ಹ್ಯಾರಿಗೆ ಈ ವಾರ್ಟ್ ಹುಡುಗನೇ ಪೂರ್ವಜನಿದ್ದ ಹಾಗೆ ಅಂತ ಒಪ್ಪಿಕೊಂಡಿದ್ದಾರೆ. ಆ ಕಥೆಯಲ್ಲೂ ತಬ್ಬಲಿ ಹುಡುಗ, ವಸತಿ ಶಾಲೆ, ಬಿಳಿ ಗಡ್ಡದ ಗುರು ಇದ್ದಾರೆ.

ಸ್ಟೋದಲ್ಲಿ ವೈಟ್ ಮುಖ್ಯಸ್ಥರಾಗಿದ್ದು ಬರೀ ನಾಲ್ಕು ವರ್ಷ. ಆ ನಾಲ್ಕು ವರ್ಷದಲ್ಲಿ ತಾವು ಆಗಲಾರದ ಮೇಷ್ಟ್ರನ್ನು, ಚೆಲ್ಟನ್‌ಹ್ಯಾಮ್‌ನ ಆ ಹುಡುಗನಿಗೆ ಬೇಕಿದ್ದ ಮೇಷ್ಟ್ರನ್ನು, ಆಮೇಲೆ ಕಾಡಿನ ಮನೆಯಲ್ಲಿ ಕೂತು ಬರೆದರು. ಮನೆಯಿಂದ ದೂರ ಹಾಸ್ಟೆಲ್ ಮಂಚದ ಮೇಲೆ ಮಲಗಿ ಆ ಪುಸ್ತಕ ಓದುವ ಮಗುವಿಗೆ ಮರ್ಲಿನ್ ಇಂದಿಗೂ ಪಾಠ ಹೇಳುತ್ತಿದ್ದಾನೆ.